ಕಿವಿಯಿಂದ ವ್ಯಾನ್ ಓಡಿಸಿದ ದೊಡ್ಡಪ್ಪ

ನನ್ನ ಅಕ್ಷರ ಚೆನ್ನಾಗಿಲ್ಲ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು, ಪದಗಳೂ ಬೇಗ ಸಿಗುವುದಿಲ್ಲ. ದಯವಿಟ್ಟು ಸುಧಾರಿಸಿಕೊಂಡು ಓದಿ.

ನನ್ನನ್ನು ಸಾಕಿದ್ದು ದೊಡ್ಡಪ್ಪ. ಬೇಕರಿಯ ವ್ಯಾನ್ ಓಡಿಸಿ ಅಂಗಡಿಗಳಿಗೆ ಬ್ರೆಡ್ಡು ಹಾಕುವುದು ಅವರ ಕೆಲಸ. ಡ್ಯಾಶ್‌ಬೋರ್ಡಿನ ಮೀಟರುಗಳು ಎಂದೋ ಕೆಟ್ಟು ನಿಂತಿದ್ದರೂ ಅವರು ತಲೆ ಕೆಡಿಸಿಕೊಂಡಿರಲಿಲ್ಲ. ಇಂಜಿನ್ ದನಿ ಭಾರವಾದರೆ ಗೇರು ಇಳಿಸುತ್ತಿದ್ದರು, ಬೆಲ್ಟು ಕಿರುಗುಟ್ಟಿದರೆ ಸಡಿಲವಾಗಿದೆ ಎನ್ನುತ್ತಿದ್ದರು. ಬೇಕರಿಯವರು "ಏನ್ ಡಾಕ್ಟ್ರೇ, ಪೇಷಂಟ್ ಹೇಗಿದ್ದಾನೆ?" ಎಂದರೆ, "ಸ್ವಲ್ಪ ಕೆಮ್ಮು, ಅಷ್ಟೆ" ಎನ್ನುತ್ತಿದ್ದರು.

ಆಮೇಲೆ ಅವರ ಕಿವಿ ಮಂದವಾಯಿತು. ಮೊದಮೊದಲು ನಮಗೆ ತಿಳಿಯಲೇ ಇಲ್ಲ. "ಇಂಜಿನ್ ನರಳಿದ್ರೆ ಕೇಳ್ಸುತ್ತೆ, ನಾನು ಬಾಯಿ ಬಡ್ಕೊಂಡ್ರೆ ಕೇಳ್ಸಲ್ಲ" ಎಂದು ದೊಡ್ಡಮ್ಮ ಹಂಗಿಸುತ್ತಿದ್ದರು. ಒಂದು ದಿನ ಏರಿನಲ್ಲಿ ಬೆಲ್ಟು ಕಿರುಚಿ ಕಿರುಚಿ ತುಂಡಾಯಿತು. ಬಾನೆಟ್ಟಿನಿಂದ ಹಬೆ ಎದ್ದ ಮೇಲೆಯೇ ದೊಡ್ಡಪ್ಪ ನಿಲ್ಲಿಸಿದ್ದು. ಆಸ್ಪತ್ರೆಯಲ್ಲಿ, ಕಿವಿಯ ನರ ಹೋಗಿದೆ, ಮಷಿನ್ ಹಾಕಿದರೂ ಹೆಚ್ಚು ಪ್ರಯೋಜನವಿಲ್ಲ ಎಂದರು.

ದೊಡ್ಡಪ್ಪನಿಗೆ ವ್ಯಾನ್ ಬಿಟ್ಟು ಬೇರೆ ಬದುಕು ಗೊತ್ತಿಲ್ಲ. ಮೆಕ್ಯಾನಿಕ್ ಹತ್ತಿರ ಮೀಟರುಗಳನ್ನೆಲ್ಲ ಸರಿಮಾಡಿಸಿ, ಅವನ್ನು ಓದುವುದು ಹೇಗೆಂದು ಹೇಳಿಕೊಡು ಎಂದು ನನ್ನನ್ನು ಕೇಳಿದರು.

ವ್ಯಾನಿನ ಜೊತೆ ಬಂದಿದ್ದ ಪುಸ್ತಕ ಓದಿ ಹೇಳಿಕೊಟ್ಟೆ. ನನ್ನ ದನಿ ಸಣ್ಣದು, ಶಾಲೆಯಲ್ಲಿ ಹಾಜರಿ ಹೇಳಲೂ ಹೆದರುತ್ತಿದ್ದೆ. ಅದಕ್ಕೇ ಮೀಟರಿನ ಗಾಜಿನ ಮೇಲೆ ಬೆರಳಿಟ್ಟು, ಕೈಸನ್ನೆ ಮಾಡಿ ತೋರಿಸುತ್ತಿದ್ದೆ. ಇಂಜಿನ್ ಬಿಸಿ ತೋರಿಸುವ ಮುಳ್ಳು ನಡುವೆ ಇದ್ದರೆ ಕ್ಷೇಮ, ಕೆಂಪು ಗೆರೆಯ ಕಡೆ ಹೊರಟರೆ ಪಕ್ಕಕ್ಕೆ ನಿಲ್ಲಿಸಬೇಕು. ಆಯಿಲ್ ದೀಪ ಕೀ ತಿರುಗಿಸಿದಾಗ ಹತ್ತಿ, ಇಂಜಿನ್ ಶುರುವಾದ ಮೇಲೆ ಆರಬೇಕು. ಓಡುವಾಗ ಹತ್ತಿದರೆ ಕೂಡಲೇ ಇಂಜಿನ್ ಬಂದ್ ಮಾಡಬೇಕು. ಇಂಜಿನ್ ಎಷ್ಟು ಜೋರಾಗಿ ಸುತ್ತುತ್ತಿದೆ ಎಂದು ತೋರಿಸುವ ಮುಳ್ಳು ತೀರ ಏರಿದರೆ ಮೇಲಿನ ಗೇರು, ತೀರ ಇಳಿದರೆ ಕೆಳಗಿನದು. ಇದೊಂದು ಅವರಿಗೆ ಬಹಳ ಕಷ್ಟವಾಯಿತು.

"ಇಷ್ಟು ವರ್ಷ ಬಾಯ್ತುಂಬ ಮಾತಾಡ್ತಿತ್ತು. ಈಗ ಮೂಗನ ಥರ ಸನ್ನೆ ಮಾಡುತ್ತೆ," ಎಂದರು.

ಆದರೂ ಕಲಿತರು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಬ್ರೆಡ್ಡು ಹಾಕಲು ಹೊರಟರು. ಆ ವಾರ ಮನೆಯಲ್ಲಿ ಎಲ್ಲರೂ ನಗುತ್ತಿದ್ದೆವು.

ಮುಂದಿನ ಸೋಮವಾರ ಬೇಕರಿಯ ಅಂಗಳದಲ್ಲಿ ವ್ಯಾನ್ ಹಿಂದಕ್ಕೆ ತೆಗೆಯುತ್ತಿದ್ದರು. ಟ್ರೇ ಹೊರುವ ಅಣ್ಣ ಗೋಡೆಗೂ ವ್ಯಾನಿಗೂ ನಡುವೆ ಸಿಕ್ಕಿಕೊಂಡ. ಕನ್ನಡಿಯಲ್ಲಿ ಅವನು ಕಾಣುತ್ತಿರಲಿಲ್ಲ. ಅವನು ಕೂಗಿದ, ಹಿಂಬಾಗಿಲು ಬಡಿದ. ನಾನೂ ಕೂಗಿದೆ. ದೊಡ್ಡಪ್ಪ ಮೀಟರುಗಳನ್ನೇ ನೋಡುತ್ತಿದ್ದರು. ನಾನು ಹ್ಯಾಂಡ್‌ಬ್ರೇಕ್ ಎಳೆದೆ.

ಅವನು ಎದೆಗೆ ಹಿಡಿದಿದ್ದ ಟ್ರೇಗಳು ಮುರಿದಿದ್ದವು. ಅವನಿಗೆ ಪೆಟ್ಟಾಗಿರಲಿಲ್ಲ, ಆದರೆ ನೆಲದ ಮೇಲೆ ಕೂತುಬಿಟ್ಟಿದ್ದ. ದೊಡ್ಡಪ್ಪ ಇಳಿದು ಬಂದು ನೋಡಿದರು.

"ಮುಳ್ಳೆಲ್ಲ ಸರಿಯಾಗೇ ಇತ್ತಲ್ಲ ಮಗಳೇ," ಎಂದರು.

ಸರಿಯಾಗೇ ಇತ್ತು. ನಾನು ತಲೆಯಾಡಿಸಿದೆ.

ನಾಲ್ಕು ದಿನ ವಿಶ್ರಾಂತಿ ತಗೊಳ್ಳಿ, ಆಮೇಲೆ ನೋಡೋಣ ಎಂದು ಬೇಕರಿಯ ಮಾಲೀಕರು ಕೈಸನ್ನೆಯಲ್ಲಿ ಹೇಳಿದರು. ದೊಡ್ಡಪ್ಪ, ಇನ್ನು ವ್ಯಾನ್ ಓಡಿಸುವುದೇ ಬೇಡವೆಂದು ಕೈ ಮುಗಿದರು. ಅವತ್ತಿನಿಂದ ಮನೆಯಲ್ಲಿ ರಸ್ತೆಗೆ ಬೆನ್ನು ಹಾಕಿ ಕೂರುತ್ತಾರೆ. ಇವತ್ತು ಸಂಜೆ ವ್ಯಾನಿನ ಕೀ ನನ್ನ ಕೈಗಿಟ್ಟು, "ನೀನೇ ಕೊಟ್ಟು ಬಾ, ನನ್ನ ಕೈಲಾಗಲ್ಲ" ಎಂದರು.

ನಾಳೆ ಬೆಳಿಗ್ಗೆ ಬೇಕರಿಗೆ ಹೋಗಿ ಕೀ ಕೊಡುತ್ತೇನೆ. ನನಗೆ ಅಲ್ಲಿ ಏನಾದರೂ ಕೆಲಸ ಇದೆಯಾ ಎಂದು ಮಾಲೀಕರನ್ನು ಕೇಳುತ್ತೇನೆ.