ಇಸ್ತ್ರಿ ಅಕ್ಕನ ರಜೆ

ಇಸ್ತ್ರಿ ಅಕ್ಕ ಇಸ್ತ್ರಿ ಹಾಕುವವಳಲ್ಲ. ದೊಡ್ಡ ಹೋಟೆಲೊಂದರಲ್ಲಿ ಕೋಣೆ ಚೊಕ್ಕ ಮಾಡುವವಳು. ಅವಳು ಹಾಸಿದ ಹಾಸಿಗೆ ನೋಡಿದರೆ ಮಂಚದ ಮೇಲೆಯೇ ಇಸ್ತ್ರಿ ಪೆಟ್ಟಿಗೆ ಎಳೆದಂತಿರುತ್ತದೆ ಎಂದು ಜೊತೆಯವರು ಇಟ್ಟ ಹೆಸರು ಅದು. ಮೆಚ್ಚಿ ಇಟ್ಟರೋ ಹೊಟ್ಟೆಕಿಚ್ಚಿಗೆ ಇಟ್ಟರೋ ಅವಳು ಕೇಳಲು ಹೋಗಿಲ್ಲ. ಬಗ್ಗಿದ ಬೆನ್ನು ಎತ್ತಲು ಪುರುಸೊತ್ತಿದ್ದರೆ ತಾನೆ ಕೇಳುವುದು.

ಊರಿಗೆಲ್ಲ ಕ್ರಿಸ್‌ಮಸ್ ರಜೆ ಬಂತೆಂದರೆ ಹೋಟೆಲಿನವರಿಗೆ ಮೈ ಮುರಿಯುವ ದುಡಿಮೆ. ಜನ ರಜೆಯನ್ನು ಗಾಳಿಯಲ್ಲಿ ಕಳೆಯುವುದಿಲ್ಲ. ಯಾರೋ ಹಾಸಿಕೊಟ್ಟದ್ದರ ಮೇಲೆ ಬಿದ್ದುಕೊಂಡು ಕಳೆಯುತ್ತಾರೆ. ಮಗಳಿಗೆ ಹಾಲುಹಲ್ಲು ಬೀಳುವ ಕಾಲದಿಂದ ಅವಳು ಕೆಲಸಕ್ಕೆ ಸೇರುವ ತನಕ ಒಂದೇ ಒಂದು ಡಿಸೆಂಬರ್ ಕೊನೆಯ ವಾರವನ್ನೂ ಈ ತಾಯಿ ಮನೆಯಲ್ಲಿ ಕಂಡಿಲ್ಲ. ಶಾಲೆಗೆ ರಜೆ ಕೊಟ್ಟಾಗ ಮಗಳು ಹೋಟೆಲಿನ ಹಿಂಬಾಗಿಲಿನಿಂದ ಬಂದು, ಒಗೆಯುವ ಬಟ್ಟೆಯ ಗಂಟುಗಳ ಮೇಲೆ ಕೂತು, ಅಮ್ಮ ಬರಲಿ ಎಂದು ಕಾದು ಅಲ್ಲೇ ನಿದ್ದೆ ಹೋಗುತ್ತಿದ್ದಳು. ದೊಡ್ಡವಳಾದ ಮೇಲೆ ಟಿಕೆಟ್ ಬುಕ್ ಮಾಡುವ ಕಚೇರಿಯಲ್ಲಿ ಕೆಲಸ ಹಿಡಿದಳು. ಊರವರನ್ನೆಲ್ಲ ವಿಮಾನ ಹತ್ತಿಸಿದಳು. ಅಪ್ಪ ಅಮ್ಮನಿಗೂ ಪಾಸ್‌ಪೋರ್ಟ್ ಮಾಡಿಸಿಟ್ಟು ಸಮಯ ಕಾಯುತ್ತಿದ್ದಳು.

ಸಮಯ ಕೂಡಿ ಬಂದದ್ದು ನೀರಿನ ಪೈಪಿನ ರೂಪದಲ್ಲಿ. ಹೋಟೆಲಿನ ಮೇಲಿನ ಮಹಡಿಯಲ್ಲಿ ಪೈಪು ಒಡೆದು ಕೆಳಗಿನ ಮಹಡಿಗಳೆಲ್ಲ ತೊಯ್ದು ತೊಪ್ಪೆಯಾಗಿ, ರಜೆಯ ಸಮಯದಲ್ಲೇ ಬಾಗಿಲು ಹಾಕಬೇಕಾಯಿತು. ಮಾಲೀಕ ತಲೆಯ ಮೇಲೆ ಕೈ ಹೊತ್ತು ಕೂತ. ಮಗಳು ಅದೇ ಸಂಜೆ ಮೂರು ಟಿಕೆಟ್ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಬೇಕರಿ ವ್ಯಾನ್ ಓಡಿಸುವ ಗಂಡ, ತಾನು ಇಷ್ಟು ದಿನ ಬ್ರೆಡ್ಡನ್ನು ಮಾತ್ರ ಸುತ್ತಾಡಿಸಿದ್ದಾಯಿತು, ಇನ್ನು ತನ್ನನ್ನೂ ಯಾರಾದರೂ ಸುತ್ತಾಡಿಸಲಿ ಎಂದ.

ಹೀಗೆ ಅವರು ಬೇರೆ ದೇಶದ ಚಳಿಗೆ ಬಂದಿಳಿದರು. ಬೀದಿಯ ಉದ್ದಕ್ಕೂ ದೀಪದ ಸರ, ಬಾಯಿ ತೆರೆದರೆ ಹೊಗೆ. ಹೋಟೆಲಿನ ಕೋಣೆಯಲ್ಲಿ ಒಂದು ದೊಡ್ಡ ಮಂಚ, ಮಗಳಿಗೊಂದು ಚಿಕ್ಕ ಮಂಚ. ಇಸ್ತ್ರಿ ಅಕ್ಕ ಒಳಗೆ ಕಾಲಿಟ್ಟವಳೇ ಮಂಚದ ತುದಿಯಲ್ಲಿ ನಿಂತುಬಿಟ್ಟಳು. ಅವಳ ಹೋಟೆಲಿನಲ್ಲಿ ಕೆಲಸದವರು ಗಿರಾಕಿಯ ಮಂಚದ ಮೇಲೆ ಕೂರಬಾರದು. ಆ ನಿಯಮ ಅವಳ ಮಂಡಿಯೊಳಗೇ ಸೇರಿಹೋಗಿತ್ತು. ಗಂಡ ಕೋಟು ಸಮೇತ ದಡಕ್ಕನೆ ಬಿದ್ದುಕೊಂಡಾಗ ಅವಳ ಕಣ್ಣು ಬಾಗಿಲ ಕಡೆ ಹೋಯಿತು, ಯಾರಾದರೂ ನೋಡಿದರೇನೋ ಎಂಬಂತೆ.

ಮಾರನೆಯ ಬೆಳಿಗ್ಗೆ ಮಗಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಎರಡೂ ಮಂಚ ಹಾಸಿಯಾಗಿತ್ತು. ದಿಂಬುಗಳು ಎದೆಯುಬ್ಬಿಸಿ ನಿಂತಿದ್ದವು. ಕಸದ ಚೀಲಕ್ಕೆ ಗಂಟು ಬಿದ್ದಿತ್ತು. ಅಪ್ಪ ಎದ್ದನೋ, ಅವನನ್ನೂ ಸೇರಿಸಿ ಮಡಚಿದಳೋ ಎಂದು ಮಗಳಿಗೆ ಒಂದು ಕ್ಷಣ ಅನುಮಾನ. ಇಲ್ಲಿ ಇದನ್ನೆಲ್ಲ ಮಾಡಲು ಜನ ಇದ್ದಾರೆ ಎಂದು ಗೊಣಗಿದಳು. ಕೈ ಸುಮ್ಮನಿರಲ್ಲ ಎಂದಳು ಅಮ್ಮ.

ಮೇಜಿನ ಮೇಲೆ ಎಲೆಯ ಆಕಾರದ ಹಸಿರು ಚೀಟಿ ಇತ್ತು. ಏನೆಂದು ಅಮ್ಮ ಕೇಳಿದಾಗ ಮಗಳು ಓದಿ ಹೇಳಿದಳು: ಇದನ್ನು ಬಾಗಿಲಿಗೆ ನೇತುಹಾಕಿದರೆ ಆ ದಿನ ಕೋಣೆ ಚೊಕ್ಕ ಮಾಡುವುದಿಲ್ಲ, ನೀರು ಉಳಿಯುತ್ತದೆ, ಭೂಮಿ ಉಳಿಯುತ್ತದೆ, ನಿಮ್ಮ ಈ ಒಳ್ಳೆಯತನಕ್ಕೆ ಕೆಳಗಿನ ಅಂಗಡಿಯಲ್ಲಿ ಕಾಫಿ ಪುಕ್ಕಟೆ. ಇಸ್ತ್ರಿ ಅಕ್ಕ ಭೂಮಿಯ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಈ ಮಹಡಿಯಲ್ಲಿ ತನ್ನಂಥವಳೇ ಒಬ್ಬಳು ಸೊಂಟ ಹಿಡಿದುಕೊಂಡು ಓಡಾಡುತ್ತಿರುತ್ತಾಳೆ, ಒಂದು ಕೋಣೆ ಕಮ್ಮಿಯಾದರೆ ಪಾಪ ಕೂತು ಒಂದು ಲೋಟ ಚಹಾ ಕುಡಿದಾಳು ಎಂದುಕೊಂಡಳು. ಊರಿನಲ್ಲಿ ಇಸ್ತ್ರಿ ಅಕ್ಕನದು ತಿಂಗಳ ಸಂಬಳದ ಕೆಲಸ. ಬಿಟ್ಟುಹೋದ ಒಂದು ಕೋಣೆ ಎಂದರೆ ಅಲ್ಲಿ ದೇವರು ಕೊಟ್ಟ ಉಸಿರು. ಚೀಟಿಯನ್ನು ಬಾಗಿಲಿಗೆ ಸಿಕ್ಕಿಸಿದಳು. ಅವತ್ತು, ಮರುದಿನ, ಅದರ ಮರುದಿನವೂ.

ಗಂಡನಿಗೆ ಇದು ಬಹಳ ಹಿಡಿಸಿತು. ದಿನಾ ಬಾಗಿಲ ಸಂದಿಯಿಂದ ಕಾಫಿ ಕೂಪನ್ ಒಳಗೆ ಬರುತ್ತಿತ್ತು, ಅವನು ಕೆಳಗೆ ಹೋಗಿ ಮೀಸೆಗೆ ನೊರೆ ಹಚ್ಚಿಕೊಂಡು ಬರುತ್ತಿದ್ದ. ನಿನ್ನ ಪುಣ್ಯವನ್ನು ನಾನು ಕುಡೀತಾ ಇದ್ದೀನಿ ಎಂದು ಹೆಂಡತಿಯನ್ನು ರೇಗಿಸುತ್ತಿದ್ದ.

ಮಗಳಿಗೆ ಮಾತ್ರ ಒಳಗೊಳಗೇ ಕುದಿಯುತ್ತಿತ್ತು. ಅಮ್ಮ ಎಲ್ಲರಿಗಿಂತ ಮೊದಲೇ ಏಳುವುದು, ಸ್ನಾನದ ಕೋಣೆಯ ನೆಲ ಒರೆಸುವುದು, ಆಮೇಲೆ ಚಿತ್ರಶಾಲೆಯ ಬೆಂಚಿನ ಮೇಲೆ ಬಾಯಿ ತೆರೆದು ತೂಕಡಿಸುವುದು. ಸಮುದ್ರ ತೋರಿಸಲು ಕರೆದುಕೊಂಡು ಹೋದರೆ, ಹೊರಡುವಾಗ ಟವೆಲ್ ಒಣಗಲು ಹಾಕಿದೆನೋ ಇಲ್ಲವೋ ಎಂದು ಸಮುದ್ರಕ್ಕೆ ಬೆನ್ನು ಹಾಕಿ ಯೋಚಿಸುತ್ತಿದ್ದಳು. ಕೊನೆಗೆ ಒಂದು ಬೆಳಿಗ್ಗೆ ಬಸ್ಸಿನಲ್ಲಿ ಮಗಳ ತಾಳ್ಮೆ ಕೆಟ್ಟಿತು.

“ನಿನ್ನನ್ನ ಇಲ್ಲಿಗೆ ಕೆಲಸಕ್ಕೆ ಸೇರಿಸೋಕೆ ಕರ್ಕೊಂಡು ಬರಲಿಲ್ಲ ಅಮ್ಮಾ. ಚಿಕ್ಕವಳಿದ್ದಾಗಲೂ ನೀನು ಕೋಣೆಗಳಿಗೇ ಸಿಕ್ಕಿದ್ದು, ನನಗೆ ಸಿಗಲಿಲ್ಲ. ಈಗಲೂ ಹಾಗೇನಾ?”

ಇಸ್ತ್ರಿ ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು. ಯಾರಾದರೂ ತನಗಾಗಿ ಬಗ್ಗಿದರೆ ತನ್ನ ಬೆನ್ನೇ ನೋಯುತ್ತದೆ ಎಂಬುದನ್ನು, ತನಗಾಗಿ ಇಷ್ಟು ಖರ್ಚು ಮಾಡಿದ ಮಗಳಿಗೆ ಯಾವ ಬಾಯಲ್ಲಿ ಹೇಳುವುದು.

ಆ ದಿನ ಅವರು ಬೇಗ ವಾಪಸಾದರು. ಮಹಡಿಯ ಓಣಿಯಲ್ಲಿ ಬಟ್ಟೆಯ ಗಾಡಿ ತಳ್ಳುತ್ತ ಒಬ್ಬ ಹೆಂಗಸು ಎದುರಾದಳು. ವಯಸ್ಸು ಇಸ್ತ್ರಿ ಅಕ್ಕನದೇ, ಗೆಣ್ಣುಗಳು ಊದಿಕೊಂಡಿದ್ದವು, ಬಲಗಾಲು ಸ್ವಲ್ಪ ಎಳೆಯುತ್ತಿತ್ತು. ಇವರ ಬಾಗಿಲಿನ ಹಸಿರು ಚೀಟಿಯತ್ತ ಬೆರಳು ಮಾಡಿ, ಇವರತ್ತ ನೋಡಿ, ಏನೋ ಅಂದಳು. ಕೃತಜ್ಞತೆ ಹೇಳುತ್ತಿದ್ದಾಳೆಂದು ಇಸ್ತ್ರಿ ಅಕ್ಕನ ಮುಖ ಅರಳಿತು. ಪರವಾಗಿಲ್ಲ, ಪರವಾಗಿಲ್ಲ ಎಂದು ತನ್ನ ಭಾಷೆಯಲ್ಲೇ ಹೇಳಿ, ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಚಾಚಿದಳು. ಹೆಂಗಸು ತೆಗೆದುಕೊಳ್ಳಲಿಲ್ಲ. ನಗಲೂ ಇಲ್ಲ.

ಮಗಳು ಇಬ್ಬರಿಗೂ ಅರ್ಧಂಬರ್ಧ ಬರುತ್ತಿದ್ದ ಇಂಗ್ಲಿಷಿನಲ್ಲಿ ಅವಳನ್ನು ಮಾತಾಡಿಸಿದಳು. ಕೇಳುತ್ತ ಕೇಳುತ್ತ ಮಗಳ ಮುಖ ಸಣ್ಣದಾಯಿತು. ಇಲ್ಲಿ ತಿಂಗಳ ಸಂಬಳವಿಲ್ಲ. ಕೋಣೆ ಲೆಕ್ಕದಲ್ಲಿ ಕೂಲಿ. ಎಲೆ ನೇತಾಡುವ ಕೋಣೆ ಲೆಕ್ಕಕ್ಕೆ ಇಲ್ಲ. ಈ ರಜೆಯಲ್ಲಿ ಎಲ್ಲರಿಗೂ ಕಾಫಿಯ ಆಸೆ ಹತ್ತಿ, ಅರ್ಧ ಓಣಿಯ ಬಾಗಿಲುಗಳಲ್ಲಿ ಎಲೆ ಚಿಗುರಿದೆ. ಮಧ್ಯಾಹ್ನಕ್ಕೆ ಮೊದಲೇ ಇವಳನ್ನು ಮನೆಗೆ ಕಳಿಸುತ್ತಾರೆ. ನಿಮ್ಮ ಕೋಣೆ ಅಷ್ಟೇನೂ ಕೊಳೆಯಾಗಿರಲಿಕ್ಕಿಲ್ಲ, ಆದರೂ ದಯವಿಟ್ಟು ನನಗೆ ಕೊಡಿ ಎಂದು ಕೇಳುತ್ತಿದ್ದಾಳೆ.

ಗಂಡ ಗಡಿಬಿಡಿಯಲ್ಲಿ ಪರ್ಸಿಗೆ ಕೈ ಹಾಕಿದ. ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದಳು. ಅವಳು ಕೇಳಿದ್ದು ಕೋಣೆ, ದುಡ್ಡಲ್ಲ. ದಾನ ಮಾಡಲು ಲೋಕ ಸದಾ ಸಿದ್ಧ. ದುಡಿಯಲು ಬಿಡು ಎಂದರೆ ಮಾತ್ರ ಅದಕ್ಕೆ ಕಿವಿ ಕೇಳಿಸುವುದಿಲ್ಲ. ಭೂಮಿ ಉಳಿಸುವ ಪುಣ್ಯಕಾರ್ಯಕ್ಕೆ ತನ್ನ ಲಾಭದಿಂದ ಒಂದು ಕಾಸು ಬಿಚ್ಚದೆ, ಹಾಸಿಗೆ ಹಾಸುವವಳ ತುತ್ತಿಗೆ ಕೈ ಹಾಕುವ ಉಪಾಯ ಹೊಳೆದವನು ಯಾರೋ, ಅವನು ಈ ರಜೆಯಲ್ಲಿ ಎಲ್ಲೋ ಮೆತ್ತನೆಯ ಹಾಸಿಗೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಅದನ್ನೂ ಯಾರೋ ಹಾಸಿರುತ್ತಾರೆ.

ಕೋಣೆಯೊಳಗೆ ಬಂದು ಇಸ್ತ್ರಿ ಅಕ್ಕ ನೆಲದ ಮೇಲೆ ಕೂತಳು.

“ರೀ, ಅವಳ ಕೂಲಿಯನ್ನ ನಾವು ಕುಡಿದುಬಿಟ್ಟಿದ್ದೀವಿ.”

ಗಂಡ ಮೀಸೆ ಒರೆಸಿಕೊಂಡ. ಅಲ್ಲಿ ಏನೂ ಇರಲಿಲ್ಲ, ಆದರೂ ಒರೆಸಿಕೊಂಡ.

“ಇದೇ ಕೆಲಸ ಮಾಡಿ ಸವೆದವಳು ನಾನು. ಒಂದು ಮಾತು ಕೇಳೋಣ ಅನ್ನಿಸಲಿಲ್ಲವಲ್ಲ” ಎಂದಳು ಇಸ್ತ್ರಿ ಅಕ್ಕ. “ನನಗೆ ಬೇಕಾಗಿದ್ದು ಅವಳಿಗೂ ಬೇಕು ಅಂದ್ಕೊಂಡೆ.”

ಮಗಳು ಪಕ್ಕದಲ್ಲಿ ಬಂದು ಕೂತಳು. ಬಸ್ಸಿನಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಲಿಲ್ಲ, ಅಮ್ಮನ ಭುಜಕ್ಕೆ ತಲೆ ಆನಿಸಿದಳು. ನಾಳೆಯಿಂದ ಎಲೆ ಬೇಡ ಎಂದಳು. ಅಷ್ಟಕ್ಕೇ ಮುಗಿಯಲ್ಲ, ನಾಳೆ ನಾನೂ ಈ ಕೋಣೆ ಮುಟ್ಟಬಾರದು ಎಂದಳು ಅಮ್ಮ, ಉಪವಾಸದ ಹರಕೆ ಹೊತ್ತವಳ ಮುಖ ಮಾಡಿಕೊಂಡು.

ಮುಟ್ಟದೆ ಇರುವುದೇನು ಸುಲಭವೇ. ಬೆಳಿಗ್ಗೆ ಎದ್ದವಳು ಮುದ್ದೆಯಾಗಿ ಬಿದ್ದ ಹೊದಿಕೆಯನ್ನು ನೋಡಿ ಕೈ ಹಿಂದಕ್ಕೆ ಕಟ್ಟಿಕೊಂಡಳು. ಗಂಡ ಉತ್ಸಾಹದಲ್ಲಿ ಟವೆಲ್ಲುಗಳನ್ನು ಮೂಲೆಗೊಂದರಂತೆ ಎಸೆಯಲು ಶುರುಮಾಡಿದಾಗ ಗದರಿದಳು: ಕೆಲಸ ಇರಬೇಕು, ಅವಳ ಸೊಂಟ ಮುರಿಯಬಾರದು. ಅವನೇ ಎಲ್ಲವನ್ನೂ ಹೆಕ್ಕಿ ಬಾಗಿಲ ಬಳಿ ಒಂದೇ ಗುಡ್ಡೆ ಹಾಕಬೇಕಾಯಿತು. ಆ ಬೆಳಿಗ್ಗೆ ಮಗಳು ನದಿಯಲ್ಲಿ ದೋಣಿ ವಿಹಾರಕ್ಕೆ ಮೂವರಿಗೂ ಜಾಗ ಕಾದಿರಿಸಿದ್ದಳು. ಅವಳು ಬಂದು ಹೋಗಲಿ, ಆಮೇಲೆ ಹೊರಡೋಣ ಎಂದು ಅಮ್ಮ ಹಟ ಹಿಡಿದಳು.

“ಅವಳ ಜೊತೆ ನೀನೂ ಹಾಸೋಕೆ ನಿಂತರೆ ನೋಡು, ನಾನು ಇವತ್ತೇ ಊರಿಗೆ ಹೊರಡ್ತೀನಿ” ಎಂದಳು ಮಗಳು.

ಹೆಂಗಸು ಬಂದಳು. ಬಾಗಿಲು ಬರಿದಾಗಿದ್ದುದನ್ನು ಕಂಡು ತಲೆಯಾಡಿಸಿದಳು. ಹಳೆಯ ಚಾದರ ಎಳೆದು, ಹೊಸದನ್ನು ಗಾಳಿಗೆ ಬೀಸಿದಳು. ಅದು ಉಬ್ಬಿ ಮಂಚದ ಮೇಲೆ ಇಳಿಯುವಾಗ ಇಸ್ತ್ರಿ ಅಕ್ಕನ ಕಾಲುಗಳು ಅವಳನ್ನು ಕೇಳದೆಯೇ ಎದ್ದವು. ಆಚೆ ತುದಿ ಅವಳ ಕೈಯಲ್ಲಿತ್ತು. ಮಗಳು ಏನೋ ಹೇಳಲು ಬಾಯಿ ತೆರೆದಳು.

ಹೆಂಗಸು ಆ ಕೈಯನ್ನು ನೋಡಿದಳು. ಹೆಬ್ಬೆರಳು ಮೂಲೆಯನ್ನು ಹಿಡಿದ ಬಗೆ ನೋಡಿದಳು. ಆಮೇಲೆ ಮುಖ ನೋಡಿದಳು. ಮೊದಲ ಸಲ ಅವಳ ಮುಖ ಸಡಿಲವಾಯಿತು. ಸುತ್ತಿ ಬಂದು, ಇಸ್ತ್ರಿ ಅಕ್ಕನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಚಾದರ ತೆಗೆದುಕೊಂಡಳು. ತನ್ನ ಎದೆ ಮುಟ್ಟಿ, ಮಂಚ ತೋರಿಸಿದಳು: ಇದು ನನ್ನದು. ಇವಳ ಭುಜ ಮುಟ್ಟಿ, ಕುರ್ಚಿ ತೋರಿಸಿದಳು.

ಇಸ್ತ್ರಿ ಅಕ್ಕ ಕೂತಳು. ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತಳು. ಆ ಹೆಂಗಸು ಬಗ್ಗಿದಾಗಲೆಲ್ಲ ಇವಳ ಸೊಂಟ ಚುಳ್ ಎಂದಿತು. ಕಣ್ಣಲ್ಲಿ ನೀರು ತುಂಬಿತು, ಆದರೂ ಕೂತೇ ಇದ್ದಳು. ಹಾಸಿಗೆ ಮುಗಿಯಿತು. ಹೆಂಗಸು ದಿಂಬು ತಟ್ಟಿ, ಇವಳ ಕಡೆ ನೋಡಿ, ಮತ್ತೊಮ್ಮೆ ತಟ್ಟಿದಳು. ಬಾ, ಮಲಗು ಎನ್ನುವುದಕ್ಕೆ ಭಾಷೆ ಬೇಕಿರಲಿಲ್ಲ.

“ಮಲಗೇ, ಕರೀತಿದ್ದಾಳಲ್ಲ” ಎಂದ ಗಂಡ, ಮೆಲ್ಲಗೆ.

ಅವಳು ಮಂಚದ ಅಂಚಿನಲ್ಲಿ ಕೂತು, ಆಮೇಲೆ ಒರಗಿ, ಕಾಲು ಚಾಚಿದಳು. ತಣ್ಣಗಿನ ಚಾದರ. ಯಾರೋ ತನಗೆಂದೇ ಹಾಸಿದ್ದು. ಗಾಡಿಯ ಚಕ್ರದ ಸದ್ದು ಓಣಿಯಲ್ಲಿ ಮುಂದಿನ ಬಾಗಿಲಿಗೆ ಹೋಗುವಷ್ಟರಲ್ಲಿ ನಿದ್ದೆ ಬಂದಿತ್ತು.

ದೋಣಿಗೆ ಹೊತ್ತಾಯಿತು, ಎಬ್ಬಿಸಲೇ ಎಂದು ಗಂಡ ಸನ್ನೆಯಲ್ಲಿ ಕೇಳಿದ. ಮಗಳು ಬೇಡವೆಂದಳು. ನಿದ್ದೆಯಲ್ಲೂ ಅಮ್ಮನ ಕೈ ಚಾದರದ ಮೇಲೆ ಎಲ್ಲೋ ಒಂದು ಸುಕ್ಕನ್ನು ಹುಡುಕಿ ಸವರುತ್ತಿತ್ತು. ಮಗಳು ಮಂಚದ ಪಕ್ಕ ನೆಲದಲ್ಲಿ ಕೂತು ಆ ಕೈಯನ್ನು ಹಿಡಿದುಕೊಂಡಳು. ಸ್ವಲ್ಪ ಹೊತ್ತು ಅದು ಎಳೆದಾಡಿತು. ಆಮೇಲೆ ಸುಮ್ಮನಾಯಿತು.