ನಮಿತಾಳ ಅಳತೆಯ ಸೈಕಲು

ನಮಿತಾ ಸೈಕಲ್ ಕಲಿತದ್ದು ನಲವತ್ತೆರಡನೇ ವಯಸ್ಸಿನಲ್ಲಿ, ಅದೂ ಪಾರ್ಸೆಲ್ ಕೊಂಡೊಯ್ಯುವ ಸೈಕಲಿನ ಮೇಲೆ. ಲಾಕ್‌ಡೌನಿನ ದಿನಗಳು. ಚೆನ್ನೈನ ಬೆಸೆಂಟ್ ನಗರದಲ್ಲಿದ್ದ ಅವರ ಹೋಟೆಲಿನಲ್ಲಿ ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಬೋರಲು ಹಾಕಿಟ್ಟಿದ್ದರು. ಇಡ್ಲಿ, ದೋಸೆ ಪೊಟ್ಟಣ ಕಟ್ಟಿ ಕೊಡುವುದು ಮಾತ್ರ ನಡೆಯುತ್ತಿತ್ತು. ಮಧ್ಯಾಹ್ನ ಮೂರು ಗಂಟೆಗೆ ಬೀದಿಯಲ್ಲಿ ನಾಯಿ ಸಹ ಇರುತ್ತಿರಲಿಲ್ಲ. ಒಂದು ದಿನ ಬಾಗಿಲಲ್ಲಿ ನಿಂತು ಬೀದಿ ನೋಡುತ್ತಿದ್ದ ನಮಿತಾ, ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಗಂಡ ಸದಾನಂದನಿಗೆ, "ನನಗೆ ಸೈಕಲ್ ಕಲಿಸ್ತೀರಾ?" ಎಂದಳು.

ಸದಾನಂದ ನಗಲಿಲ್ಲ. ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ ಬಂದು ಸೈಕಲಿನ ಕ್ಯಾರಿಯರ್ ಹಿಡಿದ. ಮೂರು ದಿನ ಅವಳ ಹಿಂದೆ ಓಡಿದ. ನಾಲ್ಕನೇ ದಿನ ಏದುಸಿರು ಬಂದು ಅವನು ನಿಂತುಬಿಟ್ಟದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಬೀದಿಯ ಕೊನೆ ಮುಟ್ಟಿ, ತಿರುಗಿಸಲು ಬಾರದೆ ಬೇಲಿಗೆ ಗುದ್ದಿ ಬಿದ್ದು, ಮೊಣಕೈ ತರಚಿಕೊಂಡು, ಬಿದ್ದಲ್ಲೇ ಕೂತು ನಗುತ್ತಿದ್ದಳು.

ಹುಟ್ಟಿದ್ದು ಬ್ರಹ್ಮಾವರದ ಹತ್ತಿರ. ಇಪ್ಪತ್ತೆರಡಕ್ಕೆ ಮದುವೆಯಾಗಿ ಚೆನ್ನೈಗೆ ಬಂದವಳು ಮಾವನ ಕಾಲದ ಹೋಟೆಲಿನ ಅಡುಗೆಮನೆಯನ್ನು ನಿಧಾನವಾಗಿ ಕೈಗೆ ತೆಗೆದುಕೊಂಡಿದ್ದಳು. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು ಅವಳಿಗೆ ಹೊಸದಲ್ಲ. ಆದ್ದರಿಂದ ಸೈಕಲು ಕೈಗೆ ಹತ್ತಿದ ಮೇಲೆ ಬೆಳಗಿನ ಹೊತ್ತೇ ಅವಳ ಸವಾರಿಯ ಹೊತ್ತಾಯಿತು. ಎರಡು ವರ್ಷದ ನಂತರ ಮೇಲಿನ ಮನೆಯ ಬ್ಯಾಂಕ್ ಅಧಿಕಾರಿ ವರ್ಗವಾಗಿ ಹೋಗುವಾಗ ತಮ್ಮ ರೋಡ್ ಬೈಕನ್ನು ಅವಳಿಗೆ ಮಾರಿದರು. ಬಗ್ಗಿದ ಹ್ಯಾಂಡಲಿನ, ಸಪೂರ ಟಯರಿನ ಅಲ್ಯೂಮಿನಿಯಂ ಸೈಕಲು. ಅವಳು ಐದಡಿ ಒಂದಿಂಚು, ಬ್ಯಾಂಕಿನವರು ಅವಳಿಗಿಂತ ಒಂದು ತಲೆ ಎತ್ತರ. ಸೀಟನ್ನು ಪೂರ್ತಿ ಇಳಿಸಿಕೊಂಡು ಹೊರಟೇಬಿಟ್ಟಳು.

ಭಾನುವಾರದ ಗುಂಪೊಂದು ಇತ್ತು. ತಿರುವಾನ್ಮಿಯೂರಿನಲ್ಲಿ ಐದು ಗಂಟೆಗೆ ಸೇರಿ, ಸಮುದ್ರದ ಪಕ್ಕದ ದಾರಿಯಲ್ಲಿ ಕೋವಳಂ ದಾಟಿ ಮಹಾಬಲಿಪುರದವರೆಗೆ ಹೋಗಿ ಬರುವವರು. ಹೋಟೆಲಿಗೆ ಭಾನುವಾರವೇ ಜನ ಜಾಸ್ತಿ. ಆದರೂ ಅವಳು ಹಿಂದಿನ ದಿನವೇ ಹಿಟ್ಟು, ಮಸಾಲೆ ಎಲ್ಲ ಸಿದ್ಧ ಮಾಡಿಟ್ಟು, ಅಡುಗೆಯ ಕಿಟ್ಟಣ್ಣನಿಗೆ ಒಪ್ಪಿಸಿ ಹೋಗುತ್ತಿದ್ದಳು. ಅತ್ತೆ ಅಮ್ಮಣ್ಣಿ ಎಪ್ಪತ್ತೆಂಟರ ವಯಸ್ಸಿನಲ್ಲೂ ಅಡುಗೆಮನೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಸೊಸೆ ಬರುವವರೆಗೆ ಕಿಟ್ಟಣ್ಣನ ಜೀವ ತಿನ್ನುತ್ತಿದ್ದರು.

ಗುಂಪಿನಲ್ಲಿ ಅವಳು ಯಾವತ್ತೂ ಕೊನೆ. ಕೋವಳಂ ಬರುವಷ್ಟರಲ್ಲಿ ಎರಡೂ ಕೈಯ ಬೆರಳುಗಳು ಜೋಮು ಹಿಡಿಯುತ್ತಿದ್ದವು, ಕುತ್ತಿಗೆ ಕಲ್ಲಾಗುತ್ತಿತ್ತು. ಕೋವಳಂಗಿಂತ ಸ್ವಲ್ಪ ಮೊದಲೇ ಸಿಗುವ ಮುಟ್ಟುಕಾಡು ಸೇತುವೆಯ ಬಳಿ ಜಯಪ್ರಕಾಶ್ ಒಬ್ಬರೇ ಬಾಳೆಹಣ್ಣು ಹಿಡಿದು ಅವಳಿಗಾಗಿ ಕಾಯುತ್ತಿದ್ದರು. ಅವರು ದಾವಣಗೆರೆ ಕಡೆಯವರು. ರೈಲ್ವೆಯಲ್ಲಿ ಸಿಗ್ನಲ್ ಇಂಜಿನಿಯರಾಗಿ ನಿವೃತ್ತರಾಗಿ ತಾಂಬರಂನಲ್ಲಿ ಮನೆ ಮಾಡಿಕೊಂಡವರು.

"ನನಗೆ ವಯಸ್ಸಾಯ್ತು ಸರ್" ಎನ್ನುತ್ತಿದ್ದಳು ನಮಿತಾ, ಕೈ ಕೊಡವುತ್ತಾ.

"ನನಗೆ ಅರವತ್ತಾರು ರೀ. ನನ್ನ ಮುಂದೆ ವಯಸ್ಸಿನ ಮಾತಾಡಬ್ಯಾಡ್ರಿ" ಎನ್ನುತ್ತಿದ್ದರು ಅವರು.

ಹೋದ ವರ್ಷ ಅವರ ಮದುವೆಗೆ ಇಪ್ಪತ್ತೈದು ತುಂಬಿತು. ಸದಾನಂದ ಹೆಂಡತಿಗೆ ಚಿನ್ನದ ಬಳೆ ಮಾಡಿಸಬೇಕೆಂದು ನಿಶ್ಚಯಿಸಿದ. ಬಳೆ ಎಂದ ಮೇಲೆ ಅಮ್ಮಣ್ಣಿ ಬಿಡುತ್ತಾರೆಯೇ? ಮೂವರೂ ಆಟೋ ಹಿಡಿದು ಸೌಕಾರ್‌ಪೇಟೆಗೆ ಹೋದರು. ಅವರ ಮನೆಗೆ ಮೂವತ್ತು ವರ್ಷದಿಂದ ಒಡವೆ ಮಾಡಿಕೊಡುವ ಪುಟ್ಟ ಅಂಗಡಿ. ಬಿಳಿ ಹಾಸಿನ ಮೇಲೆ ಕೂರಿಸಿ, ಬಾದಾಮಿ ಹಾಲು ಕೊಟ್ಟು, ಶೇಟು ಒಂದೊಂದೇ ಜೋಡಿ ಬಳೆ ತೆಗೆದಿಟ್ಟರು. ಅಮ್ಮಣ್ಣಿ ಸೊಸೆಯ ಕೈಗೆ ಹಾಕುವುದು, ತೆಗೆಯುವುದು. ನಮಿತಾ ಬಳೆ ನೋಡುತ್ತಿರಲಿಲ್ಲ. ತಕ್ಕಡಿ ನೋಡುತ್ತಿದ್ದಳು.

"ಯಾವುದು ಒಳ್ಳೆದಾಯ್ತು ಹೇಳು ಮಾರಾಯ್ತಿ" ಎಂದರು ಅಮ್ಮಣ್ಣಿ.

ನಮಿತಾ ಬಳೆ ಕಳಚಿ ಇಟ್ಟಳು. "ನನಗೆ ಬಳೆ ಬೇಡ ಅತ್ತೆ. ಸೈಕಲ್ ಬೇಕು. ಕಾರ್ಬನ್ನಿಂದು."

ಶೇಟು ಗಾಬರಿಯಾಗಿ ಸದಾನಂದನ ಮುಖ ನೋಡಿದರು. ಸದಾನಂದ ತಾಯಿಯ ಮುಖ ನೋಡಿದ.

"ಇದ್ದ ಸೈಕಲಿಗೆ ಎಂತ ಆಗಿದೆ?" ಎಂದರು ಅಮ್ಮಣ್ಣಿ.

"ಎಂತ ಆಗ್ಲಿಲ್ಲ. ಇದು ಹಗುರ ಇರ್ತದೆ. ರಸ್ತೆಯ ಗಡಗಡ ಕೈಗೆ ಅಷ್ಟು ಬರುದಿಲ್ಲ ಅಂತಾರೆ. ಎಂಟೂವರೆ ಕಿಲೋ ಅಷ್ಟೆ."

"ಬೆಲೆ?"

ನಮಿತಾ ಹೇಳಿದಳು. ಅಮ್ಮಣ್ಣಿ ತಕ್ಕಡಿಯತ್ತ ನೋಡಿ ಹೇಳಿದರು: "ಚಿನ್ನ ಭಾರ ಆದಷ್ಟೂ ಬೆಲೆ ಹೆಚ್ಚು. ಇದು ಹಗುರ ಆದಷ್ಟೂ ಬೆಲೆ ಹೆಚ್ಚಾ? ಒಳ್ಳೆ ವ್ಯಾಪಾರ!"

ಮೊದಲು ನಕ್ಕದ್ದು ಸದಾನಂದ. ಆಮೇಲೆ ಅಮ್ಮಣ್ಣಿಯೇ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಏನೂ ಅರ್ಥವಾಗದ ಶೇಟೂ ನಕ್ಕರು. ಹೊರಡುವಾಗ ಬರಿಗೈಯಲ್ಲಿ ಹೋಗಬಾರದೆಂದು ಅಮ್ಮಣ್ಣಿ ತಮಗೇ ಒಂದು ಪುಟ್ಟ ಬೆಳ್ಳಿಯ ಲೋಟ ಕೊಂಡರು.

ಕಾಲೇಜಿನಲ್ಲಿ ಓದುತ್ತಿದ್ದ ಮಗಳು ಪ್ರಣಮ್ಯಾ ಸುದ್ದಿ ಕೇಳಿ, "ಸೂಪರ್ ಮಾ!" ಎಂದು ತಮಿಳಿನಲ್ಲೇ ಕೂಗಿ ಕುಣಿದಳು. ಜಯಪ್ರಕಾಶರ ಸಂಭ್ರಮ ಇನ್ನೂ ದೊಡ್ಡದು. ಮಾರನೆಯ ದಿನವೇ ತಾಂಬರಂನಿಂದ ಬಂದು, ಕಾಫಿಗೂ ಕಾಯದೆ, ಮೇಜಿನ ಮೇಲೆ ನಾಲ್ಕು ಹಾಳೆ ಹರಡಿದರು. ಒಂಬತ್ತು ಸೈಕಲುಗಳು, ಒಂದೊಂದರ ತೂಕ, ಗೇರು, ಬ್ರೇಕು, ಚಕ್ರ.

"ತುಂಬಾ ಅಗ್ಗದ್ದು ಬ್ಯಾಡ. ರೇಸಿನವರು ಓಡಿಸೋ ದುಬಾರಿದೂ ಬ್ಯಾಡ. ನಡುವಿನದು ತಗೋಳ್ರಿ. ಚಕ್ರ ಬೇಕಾದ್ರ ಮುಂದೆ ಬದಲಿ ಮಾಡಬಹುದು, ಫ್ರೇಮ್ ಮಾತ್ರ ಒಳ್ಳೇದಿರಬೇಕು. ನೋಡ್ರಿ, ಇದು" ಎಂದು ಅವರು ಬೆರಳಿಟ್ಟದ್ದು ಕೆಂಪು ಬಣ್ಣದ ಒಂದಕ್ಕೆ. ಗಾಳಿ ಸೀಳಿಕೊಂಡು ಹೋಗುವ ಹಾಗೆ ಚಪ್ಪಟೆ ಮಾಡಿದ ಫ್ರೇಮು. ತಿರುವಾನ್ಮಿಯೂರಿನ ಅಂಗಡಿಯಲ್ಲಿ ಒಂದೇ ಒಂದು ಉಳಿದಿತ್ತು, ಭಾರೀ ರಿಯಾಯಿತಿಯಲ್ಲಿ.

ಶನಿವಾರ ಹತ್ತು ಗಂಟೆಗೆ ನಮಿತಾ, ಸದಾನಂದ, ಜಯಪ್ರಕಾಶ್ ಮೂವರೂ ಅಂಗಡಿಗೆ ಹೋದರು. ಹಳೆಯ ಸೈಕಲನ್ನು ತುಳಿದುಕೊಂಡೇ ಹೋಗಿದ್ದಳು ನಮಿತಾ. ಅಂಗಡಿಯ ಯಜಮಾನರು ನೇರವಾಗಿ ಸದಾನಂದನ ಬಳಿ ಬಂದು, "ಸಾರ್‌ಗೆ ಎಂಥ ಸೈಕಲ್ ನೋಡೋಣ?" ಎಂದು ತಮಿಳಿನಲ್ಲಿ ಕೇಳಿದರು. ಸದಾನಂದ ಎರಡು ಹೆಜ್ಜೆ ಹಿಂದೆ ಸರಿದು ಹೆಂಡತಿಯನ್ನು ತೋರಿಸಿದ.

ಕೆಂಪು ಸೈಕಲು ಗೋಡೆಯ ಮೇಲೆ ತೂಗುತ್ತಿತ್ತು. ಇಳಿಸಿ ಕೊಟ್ಟಾಗ ನಮಿತಾ ಎರಡು ಬೆರಳಲ್ಲಿ ಎತ್ತಿ ನೋಡಿ ಬೆರಗಾದಳು. ಆಗ ಅಂಗಡಿಯ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಒಬ್ಬಳು ಬಂದಳು. ಹೆಸರು ಯಾಳಿನಿ. ಕೊಂಡವರ ಮೈಯ ಅಳತೆಗೆ ಸೈಕಲನ್ನು ಹೊಂದಿಸಿ ಕೊಡುವುದು ಅವಳ ಕೆಲಸ.

"ಅಕ್ಕಾ, ಮೊದಲು ನಿಮ್ಮ ಹಳೇ ಸೈಕಲ್ ಹತ್ತಿ" ಎಂದಳು. ಸೈಕಲಿನ ಹಿಂದಿನ ಚಕ್ರವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ನಮಿತಾಳನ್ನು ತುಳಿಯಲು ಹೇಳಿ, ತಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದಳು. ಎಷ್ಟು ವರ್ಷದಿಂದ, ಎಲ್ಲಿಯವರೆಗೆ ಓಡಿಸುತ್ತೀರಿ ಎಂದು ಕೇಳಿಕೊಂಡಳು. ಆಮೇಲೆ ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ ಟೇಪು ಹಿಡಿದು ಕಾಲು, ತೋಳು, ಭುಜ ಅಳೆದಳು.

"ಕೋವಳಂ ಹೊತ್ತಿಗೆ ಕೈ ಜೋಮು ಹಿಡಿಯುತ್ತದಾ?"

"ನಿನಗೆ ಹೇಗೆ ಗೊತ್ತು?" ಎಂದಳು ನಮಿತಾ.

"ಅಕ್ಕಾ, ಇದರ ಫ್ರೇಮು ಐವತ್ನಾಲ್ಕರ ಸೈಜು. ನಿಮ್ಮದು ನಲವತ್ತೆಂಟು. ಮೂರು ವರ್ಷದಿಂದ ನೀವು ಬೇರೆ ಯಾರದೋ ಸೈಕಲಿನ ಮೇಲೆ ಮೈ ಚಾಚಿಕೊಂಡು ಮಲಗಿ ಓಡಿಸುತ್ತಿದ್ದೀರಿ. ಇದರಲ್ಲಿ ಮಹಾಬಲಿಪುರಕ್ಕೆ ಹೋಗಿ ಬಂದದ್ದೇ ದೊಡ್ಡದು."

ನಮಿತಾ ತನ್ನ ಹಳೆಯ ಸೈಕಲನ್ನೇ ನೋಡಿದಳು. ವಯಸ್ಸಲ್ಲ, ಶಕ್ತಿ ಇಲ್ಲದ್ದಲ್ಲ. ಸೈಕಲು ದೊಡ್ಡದು, ಅಷ್ಟೆ. ಮೂರು ವರ್ಷ ತನ್ನನ್ನು ತಾನು ಬೈದುಕೊಂಡದ್ದೆಲ್ಲ ನೆನಪಾಗಿ ಒಮ್ಮೆಲೆ ನಗು ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರೂ ಬಂತು. ಸದಾನಂದ ಕಿಸೆಯಿಂದ ಕರವಸ್ತ್ರ ತೆಗೆದುಕೊಟ್ಟ.

ಕೆಂಪು ಸೈಕಲೂ ಐವತ್ನಾಲ್ಕೇ. ಯಜಮಾನರು, "ಹ್ಯಾಂಡಲ್ ಸ್ವಲ್ಪ ಹತ್ತಿರ ಮಾಡಿ ಕೊಟ್ಟರೆ ಆಯಿತು ಮೇಡಂ. ಈ ಬೆಲೆಗೆ ಇನ್ನೆಲ್ಲೂ ಸಿಗುವುದಿಲ್ಲ" ಎಂದರು. ಜಯಪ್ರಕಾಶರೂ ಹಾಳೆ ನೋಡುತ್ತಾ, "ರಿಯಾಯಿತಿ ಮಾತ್ರ ಚಲೋ ಐತಿ" ಎಂದು ಗೊಣಗಿದರು.

"ಬೇಡ" ಎಂದಳು ನಮಿತಾ. "ನನ್ನ ಅಳತೆಯದ್ದು ಯಾವುದುಂಟು?"

ಯಾಳಿನಿ ತೋರಿಸಿದ್ದು ನೋಡಲು ಅಷ್ಟೇನೂ ಚಂದವಿಲ್ಲದ ಒಂದು ಕಾರ್ಬನ್ ಸೈಕಲು. ಅಳತೆ ನಲವತ್ತೆಂಟೇ, ಆದರೆ ಮಾರಾಟಕ್ಕಲ್ಲ, ಬಂದವರೆಲ್ಲ ಓಡಿಸಿ ನೋಡಲೆಂದೇ ಇಟ್ಟದ್ದು. ದೂರ ಹೋಗುವವರಿಗಾಗಿ ಮಾಡಿದ ಫ್ರೇಮು, ಹ್ಯಾಂಡಲು ಸ್ವಲ್ಪ ಮೇಲೆ, ಟಯರು ಸ್ವಲ್ಪ ಅಗಲ, ಗೇರು ತಂತಿಯಿಂದ ಎಳೆಯುವ ಮಾಮೂಲಿ ಗೇರು. "ಹತ್ತು ನಿಮಿಷ ಓಡಿಸಿ ಬನ್ನಿ ಅಕ್ಕಾ" ಎಂದು ಹೆಲ್ಮೆಟ್ ಕೊಟ್ಟಳು.

ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ನಮಿತಾಳ ಫೋನು ಕೌಂಟರಿನ ಮೇಲೆಯೇ ಇತ್ತು. ಅರ್ಧ ಗಂಟೆಯಾದಾಗ ಯಜಮಾನರು ಬಾಗಿಲಿಗೆ ಬಂದು ನಿಂತರು. ಮುಕ್ಕಾಲು ಗಂಟೆಯಾದಾಗ ಸದಾನಂದ ಅಂಗಡಿಯವರ ಸ್ಕೂಟರ್ ಬೇಡಿ ತೆಗೆದುಕೊಂಡು ಹುಡುಕಲು ಹೊರಟ. ಸಿಗ್ನಲ್ಲು ಸಿಗ್ನಲ್ಲಿನಲ್ಲೂ ಎಡಬಲ ನೋಡುತ್ತಾ ಹೋದವನಿಗೆ ಅವಳು ಕಂಡದ್ದು ನೀಲಾಂಕರೈ ದಾಟಿದ ಮೇಲೆ. ರಸ್ತೆ ಬದಿಯ ಎಳನೀರಿನವಳ ಹತ್ತಿರ ಸೈಕಲು ಒರಗಿಸಿಕೊಂಡು ನಿಂತಿದ್ದಳು. ಮುಖ ಕೆಂಪಗೆ, ನಗು ಕಿವಿಯವರೆಗೆ.

"ಎಂತ ಮಾರಾಯ್ತಿ ನೀನು! ಅಲ್ಲಿ ಎಲ್ಲರೂ ಹೆದರಿ ಕೂತಿದ್ದಾರೆ!"

"ನಿಲ್ಲಿಸ್ಲಿಕ್ಕೆ ಮನಸ್ಸೇ ಬರ್ಲಿಲ್ಲ" ಎಂದಳು ನಮಿತಾ. ಎರಡೂ ಅಂಗೈಗಳನ್ನು ಅವನ ಮುಖದ ಮುಂದೆ ಹಿಡಿದು ಬೆರಳು ಆಡಿಸಿದಳು. "ನೋಡಿ, ಹತ್ತೂ ಬೆರಳು ಉಂಟು. ಹತ್ತೂ ನನ್ನದೇ. ಮತ್ತೆ ನೀವು ದುಡ್ಡು ತಂದಿದ್ದೀರಲ್ಲ? ನಾನು ಇವರಿಗೆ ಎರಡು ಎಳನೀರಿನ ದುಡ್ಡು ಕೊಡ್ಬೇಕು."

ಬಿಸಿಲಲ್ಲಿ ನಿಂತು ಸದಾನಂದನೂ ಒಂದು ಎಳನೀರು ಕುಡಿದ.

ಅವಳ ಅಳತೆಯ ಹೊಸ ಸೈಕಲು ತರಿಸಲು ಆರು ವಾರ ಬೇಕಿತ್ತು. ಬಣ್ಣವೂ ಒಂದೇ, ಮಾಸಲು ಹಸಿರು. ಕೆಂಪು ಸೈಕಲಿನ ರಿಯಾಯಿತಿ ಬಿಡಲು ಜಯಪ್ರಕಾಶರು ಮೊದಲು ಒಪ್ಪಲಿಲ್ಲ. ಯಾಳಿನಿ ಅವರನ್ನೂ ಅವರ ಸೈಕಲಿನೊಡನೆ ಸ್ಟ್ಯಾಂಡಿನ ಮೇಲೆ ಹತ್ತಿಸಿ, ಅವರ ಸೀಟು ಒಂದೂವರೆ ಸೆಂಟಿಮೀಟರ್ ಕೆಳಗಿದೆ ಎಂದು ತೋರಿಸಿ ಎತ್ತರಿಸಿದಳು. ಮಾರನೆಯ ದಿನ ಭಾನುವಾರ, ಯಾವಾಗಲೂ ಕಾಡುತ್ತಿದ್ದ ಮಂಡಿನೋವಿಲ್ಲದೆ ಮನೆಗೆ ಬಂದ ಜಯಪ್ರಕಾಶರು ಫೋನು ಮಾಡಿ, "ನನ್ನ ನಾಕೂ ಹಾಳಿ ಹರಿದು ಹಾಕ್ರಿ ನಮಿತಾ ಅವರೆ" ಎಂದರು.

ಕಾಯುವ ಆರು ವಾರದಲ್ಲಿ ಇನ್ನೊಂದು ಸಂಗತಿ ನಡೆಯಿತು. ಹಳೆಯ ಸೈಕಲು ಮಾರೋಣವೆಂದು ಒರೆಸುತ್ತಿದ್ದ ಸದಾನಂದ ಸೀಟು ಎತ್ತರಿಸಿ ಒಮ್ಮೆ ಹತ್ತಿ ನೋಡಿದ. ಐದಡಿ ಎಂಟಿಂಚಿನ ಅವನಿಗೆ ಹೇಳಿ ಮಾಡಿಸಿದ ಹಾಗಿತ್ತು. ಸೈಕಲು ಮಾರಾಟಕ್ಕೆ ಹೋಗಲಿಲ್ಲ.

ಹಸಿರು ಸೈಕಲು ಬಂದ ದಿನ ಅಮ್ಮಣ್ಣಿ ಆರತಿ ತಟ್ಟೆ ಹಿಡಿದು ಹೋಟೆಲಿನ ಬಾಗಿಲಿಗೆ ಬಂದರು. ಹ್ಯಾಂಡಲಿಗೆ ಕುಂಕುಮ ಹಚ್ಚಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಡಿಸಿದರು. ಬಣ್ಣ ನೋಡಿ, "ಪತ್ರೊಡೆಯ ಕೆಸುವಿನ ಎಲೆಯ ಹಾಗೆ ಉಂಟು" ಎಂದರು. ಆಮೇಲೆ ಸುತ್ತ ನಿಂತವರನ್ನೆಲ್ಲ ಸರಿಸಿ, ಎಪ್ಪತ್ತೆಂಟರ ಕೈಯಲ್ಲಿ ಸೈಕಲನ್ನು ನೆಲದಿಂದ ಒಂದು ಗೇಣು ಎತ್ತಿ ಹಿಡಿದರು. ಕಿಟ್ಟಣ್ಣ, ದೋಸೆಗೆ ಕಾಯುತ್ತಿದ್ದ ಗಿರಾಕಿಗಳು, ಎಲ್ಲರೂ ಚಪ್ಪಾಳೆ ತಟ್ಟಿದರು.

ಮೊದಲ ಭಾನುವಾರ ನಮಿತಾ ಮುಟ್ಟುಕಾಡು ಸೇತುವೆ ಮುಟ್ಟಿದಾಗ ಅಲ್ಲಿ ಯಾರೂ ನಿಂತು ಕಾಯುತ್ತಿರಲಿಲ್ಲ. ಜಯಪ್ರಕಾಶರು ಅವಳ ಹಿಂದೆಯೇ ಬರುತ್ತಿದ್ದರು. ಗುಂಪಿನಲ್ಲಿ ಅವಳು ಮೊದಲನೆಯವಳೇನೂ ಆಗಲಿಲ್ಲ, ಇಪ್ಪತ್ತು ಜನರಲ್ಲಿ ಹನ್ನೊಂದೋ ಹನ್ನೆರಡೋ. ನಡುವಿನಲ್ಲಿ ಇರುವುದು ಎಷ್ಟು ಸುಖ ಎಂದು ಅವಳಿಗೆ ಆವತ್ತು ತಿಳಿಯಿತು. ಮುಂದೆಯೂ ಜನ, ಹಿಂದೆಯೂ ಜನ, ಮಾತಾಡಲು ಉಸಿರೂ ಉಳಿದಿತ್ತು.

ಜನವರಿಯಲ್ಲಿ ಗುಂಪು ಪುದುಚೇರಿಗೆ ಹೊರಟಿತು. ನೂರೈವತ್ತು ಕಿಲೋಮೀಟರು. ಸೈಕಲುಗಳನ್ನು ಹಿಂದಕ್ಕೆ ತರಲು ಒಂದು ವ್ಯಾನು ಗೊತ್ತು ಮಾಡಿದ್ದರು. ಮಹಾಬಲಿಪುರ ದಾಟಿದ ಮೇಲೆ ನಮಿತಾಳಿಗೆ ಎಲ್ಲವೂ ಹೊಸ ದಾರಿ. ಮರಕ್ಕಾಣದಲ್ಲಿ ರಸ್ತೆಯ ಪಕ್ಕಕ್ಕೆ ಉಪ್ಪಿನ ಗದ್ದೆಗಳು ಬಿಸಿಲಿಗೆ ಹೊಳೆಯುತ್ತಾ ಹಾಸಿಕೊಂಡಿದ್ದವು. ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಒಡ್ಡಿನ ಮೇಲೆ ಸಾಲಾಗಿ ನಡೆಯುತ್ತಿದ್ದರು. ಒಬ್ಬಳು ಕೈ ಬೀಸಿದಳು. ನಮಿತಾ ಒಂದು ಕೈ ಬಿಟ್ಟು ತಿರುಗಿ ಬೀಸಿದಳು.

ಹನ್ನೆರಡರ ಒಳಗೆ ಪುದುಚೇರಿ ಮುಟ್ಟಿದರು. ನಮಿತಾ ಮೊದಲು ಕಂಡ ಹೋಟೆಲಿಗೆ ನುಗ್ಗಿ ಮೂರು ದೋಸೆ ತಿಂದಳು. ಸಾಂಬಾರಿಗೆ ಬೆಲ್ಲ ಬಿದ್ದಿಲ್ಲ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟು, ಎರಡು ಬಟ್ಟಲು ಕುಡಿದಳು. ಹೊರಗೆ ವ್ಯಾನಿನವನು ಒಂದೊಂದೇ ಸೈಕಲು ಮೇಲೇರಿಸಿ ಹಗ್ಗ ಕಟ್ಟುತ್ತಿದ್ದ.

"ನಿಮ್ಮದು ಕೊಡ್ರಿ" ಎಂದರು ಜಯಪ್ರಕಾಶ್.

ನಮಿತಾ ಹೆಲ್ಮೆಟಿನ ಪಟ್ಟಿ ಬಿಗಿಮಾಡಿಕೊಳ್ಳುತ್ತಿದ್ದಳು. "ಇಲ್ಲಿ ಬೇಡ ಸರ್. ನಾನು ಮರಕ್ಕಾಣದವರೆಗೆ ತುಳಿದೇ ಬರ್ತೇನೆ. ಆ ಉಪ್ಪಿನ ಗದ್ದೆ ಇನ್ನೊಂದ್ಸಲ ನೋಡ್ಬೇಕು. ಗಾಳಿ ಎದುರಿಂದ ಬಂದ್ರೂ ಅಡ್ಡಿಯಿಲ್ಲ. ವ್ಯಾನು ಅಲ್ಲಿ ನಿಲ್ಲಿಸ್ಲಿಕ್ಕೆ ಹೇಳಿ."

ಜಯಪ್ರಕಾಶ್ ಅವಳನ್ನು ನೋಡಿದರು, ವ್ಯಾನು ನೋಡಿದರು. ಕಟ್ಟಿದ್ದ ಹಗ್ಗ ಬಿಚ್ಚಿಸಿ ತಮ್ಮ ಸೈಕಲನ್ನೂ ಕೆಳಗಿಳಿಸಿಕೊಂಡರು.