ಕಣ್ಣು ಮುಚ್ಚಿಸುವ ಮನೆ

ತಮ್ಮ ಕೈಯಲ್ಲಿ ರಿಮೋಟ್ ಇರುವಷ್ಟು ದಿನ ನಮ್ಮೂರು ಆದೋನಿಯ ಮಾನಮರ್ಯಾದೆಗೆ ಭಯವಿಲ್ಲ ಎಂದು ನಮ್ಮ ಮಾವ ನಂಬಿದ್ದರು. ಹತ್ತಿ ವ್ಯಾಪಾರ ಮುಗಿಸಿ ಮಾರ್ಕೆಟ್ ಯಾರ್ಡಿನಿಂದ ಬಂದು, ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಟಿವಿ ಮುಂದೆ ಕೂತರೆಂದರೆ ಅವರೇ ಸೆನ್ಸಾರ್ ಬೋರ್ಡು. ಪರದೆಯ ಮೇಲೆ ಒಂದು ಗಂಡು ಒಂದು ಹೆಣ್ಣಿನ ಹತ್ತಿರ ಸರಿದರೆ ಸಾಕು, "ಕಣ್ಣು ಮುಚ್ಚರಿ!" ಎಂದು ಗದರುತ್ತಿದ್ದರು. ಮಕ್ಕಳು ಎರಡೂ ಅಂಗೈಯಿಂದ ಕಣ್ಣು ಮುಚ್ಚಬೇಕು, ಸೊಸೆಯಂದಿರಾದ ನಾವಿಬ್ಬರು ಅಡುಗೆಮನೆಯತ್ತ ಮುಖ ತಿರುಗಿಸಬೇಕು. ಆಮೇಲೆ ಅವರು ಚಾನೆಲ್ ಬದಲಿಸುತ್ತಿದ್ದರು. ತಾವು ಮಾತ್ರ ಪೂರ್ತಿ ನೋಡಿಕೊಂಡೇ ಬದಲಿಸುತ್ತಿದ್ದರು.

ಬದಲಿಸಿದ ಚಾನೆಲ್ಲಿನಲ್ಲಿ ಯಾರೋ ಯಾರನ್ನೋ ಮಚ್ಚಿನಿಂದ ಕೊಚ್ಚುತ್ತಿರುತ್ತಿದ್ದರು. ಇಲ್ಲವೇ ತೆಲುಗು ಸೀರಿಯಲ್ಲಿನ ಗಂಡ ಹೆಂಡತಿಯ ಕೆನ್ನೆಗೆ ಬಾರಿಸುತ್ತಿದ್ದ. ಅದಕ್ಕೆ ಯಾರೂ ಕಣ್ಣು ಮುಚ್ಚಬೇಕಿರಲಿಲ್ಲ. ಮಾವ ಆರಾಮಾಗಿ ಉಗ್ಗಾಣಿ ಮೆಲ್ಲುತ್ತ ನೋಡುತ್ತಿದ್ದರು.

"ಮಾವಾರ, ಈ ರಕ್ತ ನೋಡಿದ್ರ ಹುಡುಗ್ರು ಕೆಡಂಗಿಲ್ಲೇನ್ರಿ?" ಎಂದು ಒಮ್ಮೆ ಕೇಳಿದೆ.

"ಅದು ಫೈಟಿಂಗಮ್ಮಾ. ಅದರಾಗ ಅಸಹ್ಯ ಏನೈತಿ?"

ಟಿವಿಗೆ ಕಡಿವಾಣ ಹಾಕಬೇಕೆಂದು ನಮ್ಮ ಸಮಾಜದವರು ಕಲ್ಯಾಣ ಮಂಟಪದಲ್ಲಿ ಸಭೆ ಸೇರಿದಾಗ ಮೈಕು ಹಿಡಿದು ಬಿಡದೆ ಮಾತಾಡಿದವರೂ ಅವರೇ. ಟಿವಿಯಲ್ಲಿ ಬರುವುದೆಲ್ಲ ಬರಲಿ ಎನ್ನುವವಳು ನಾನಲ್ಲ. ಮಕ್ಕಳ ಮುಂದೆ ಬೇಡವಾದದ್ದು ಬೇಕಾದಷ್ಟಿದೆ. ಆದರೆ ಕತ್ತರಿ ಇಂಥವರ ಕೈಗೆ ಹೋಗುತ್ತದಲ್ಲ, ಅದಕ್ಕೆ ನನಗೆ ಮೈ ಉರಿಯುತ್ತದೆ.

ಏಕೆಂದರೆ ನಮ್ಮ ಮನೆಯಲ್ಲೇ ಹೊಡೆತವಿತ್ತು. ನನ್ನ ಮೈದುನ ಹೆಂಡತಿಯ ಮೇಲೆ ಕೈ ಮಾಡುತ್ತಿದ್ದ. ಅವರ ಕೋಣೆಯಿಂದ ಸದ್ದು ಬಂದರೆ ಮಾವ ಟಿವಿ ಸೌಂಡು ಏರಿಸುತ್ತಿದ್ದರು. ನಾನು ಜಗಳಕ್ಕೆ ನಿಂತರೆ, "ಗಂಡ ಹೆಂಡ್ರ ನಡುವ ನೀ ಯಾಕ ಹೋಗ್ತಿ?" ಎಂದು ನನ್ನನ್ನೇ ಬೈಯುತ್ತಿದ್ದರು. ತವರಾದ ಪೆದ್ದಕಡುಬೂರಿಗೆ ಹೋಗಿಬಿಡು ಎಂದರೆ ಆ ನೆಗೆಣ್ಣಿ, "ಮಗಳಿಗೆ ಅಪ್ಪ ಬೇಕಲ್ಲಕ್ಕಾ" ಎನ್ನುತ್ತಿದ್ದಳು.

ಮಗಳಿಗಿನ್ನೂ ಶಾಲೆಯ ವಯಸ್ಸಲ್ಲ. ಒಂದು ಸಂಜೆ ಮೈದುನ, ಯಾವ ದೇವರು ಬುದ್ಧಿ ಕೊಟ್ಟಿದ್ದನೋ, ಮಲ್ಲಿಗೆ ದಂಡೆ ತಂದು ತಾನೇ ಹೆಂಡತಿಯ ಜಡೆಗೆ ಮುಡಿಸಿದ. ಯಾರೂ ಹೇಳದೆಯೇ ಮಗು ಎರಡೂ ಅಂಗೈಯಿಂದ ಕಣ್ಣು ಮುಚ್ಚಿಕೊಂಡಿತು. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. "ನೋಡ್ರಿ, ನನ್ನ ಮೊಮ್ಮಗಳ ನಡತಿ!" ಎಂದು ಮಾವ ಬೀಗಿದರು. ನನಗೆ ನಗು ಬರಲಿಲ್ಲ.

ಅದಾಗಿ ವಾರವೂ ಕಳೆದಿರಲಿಲ್ಲ. ಎಲ್ಲರೂ ಟಿವಿ ಮುಂದೆ ಕೂತು ಉಣ್ಣುತ್ತಿದ್ದೆವು. ಮೈದುನ ಮಜ್ಜಿಗೆ ಕೇಳಿದ. ಸೀರಿಯಲ್ ನೋಡುತ್ತಿದ್ದ ಹೆಂಡತಿ "ತರ್ತೀನಿ, ತಡೀರಿ" ಎಂದಳು. ಅವನು ಎದ್ದುಹೋಗಿ, ಎಲ್ಲರ ಎದುರಿಗೇ, ಅವಳ ಕೆನ್ನೆಗೆ ಹೊಡೆದ. ಅವಳ ತಟ್ಟೆ ಉರುಳಿತು. ಮಗು ಒಮ್ಮೆ ಅಮ್ಮನನ್ನು ನೋಡಿತು, ಒಮ್ಮೆ ಟಿವಿ ನೋಡಿತು, ಕೈಯಲ್ಲಿದ್ದ ರೊಟ್ಟಿ ಕಚ್ಚಿ ತಿನ್ನತೊಡಗಿತು. ಅಳಲೂ ಇಲ್ಲ.

"ಈಗ್ಯಾಕ ಕಣ್ಣು ಮುಚ್ಚು ಅನ್ನವಲ್ರಿ ಮಾವಾರ?" ಎಂದು ಚೀರಿದೆ. ಅವರು ರಿಮೋಟ್ ಹುಡುಕುತ್ತಿದ್ದರು.

ಬೆಳಗಾಗುತ್ತಲೇ ನೆಗೆಣ್ಣಿ ಬ್ಯಾಗು ತುಂಬಿದಳು. "ಇಷ್ಟು ದಿನ ಈಕಿ ಸಲುವಾಗೇ ಇದ್ದೆ ಅಕ್ಕಾ. ಇನ್ನ ಈಕಿ ಸಲುವಾಗೇ ಹೋಗಬೇಕು. ನಾಳೆ ಈಕಿಗೇ ಯಾವನಾರ ಹೊಡದ್ರೂ ಹಿಂಗ ರೊಟ್ಟಿ ತಿನ್ಕಂತ ಕುಂದರ್ತಾಳ" ಎಂದಳು. ಬಸ್ಸಿಗೆ ನಾನೇ ಹತ್ತಿಸಿ ಬಂದೆ.

ಸಮಾಜದ ಹಿರಿಯರು ವಿಚಾರಿಸಲು ಬಂದರು. ಮಾವ ನಿಟ್ಟುಸಿರು ಬಿಟ್ಟು, "ಎಲ್ಲಾ ಟಿವಿ ಮಹಿಮಿ ನೋಡ್ರಿ. ಸೀರಿಯಲ್ ನೋಡಿ ನೋಡಿ ಸಣ್ಣ ಸೊಸಿ ಕೆಟ್ಟಳು" ಎಂದರು. ಹಿರಿಯರು ತಲೆಯಾಡಿಸಿದರು. ನಾನು ಟೀ ತಟ್ಟೆಯನ್ನು ಅವರ ಮುಂದಿಟ್ಟು ಹೇಳಿದೆ: "ಆಕಿ ಕೆಟ್ಟಿಲ್ರಿ. ಇವರ ಮಗ ಆಕಿನ್ನ ಹೊಡದ. ಇವರು ಕುಂತು ನೋಡಿದ್ರು."

ಅಂದಿನಿಂದ ಮಾವ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಬಿಡಲಿ.